ಪದವಿಯಿಲ್ಲದ ಪಕ್ಷಿಪ್ರಾಧ್ಯಾಪಕರು



ಶಿವಮೊಗ್ಗೆಯಿಂದ ತೀರ್ಥಹಳ್ಳಿಗೆ ಹೋಗುವ ದಾರಿಯಲ್ಲಿ ಮಂಡಗದ್ದೆಯೆಂಬ ಊರಿದೆ. ಮಳೆಗಾಲದಲ್ಲಿ ಅಲ್ಲಿ ತುಂಗೆಯ ನಡುವಣ ಪುಟ್ಟ ನಡುಗಡ್ಡೆಯ ಮರಗಳ ಮೇಲೆ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳು ಗೂಡು ಕಟ್ಟಿ ಮರಿಮಾಡುತ್ತವೆ. ಬಸ್ಸಿನ ಕಿಟಕಿಯಿಂದ ಅದನ್ನು ಕಂಡು, ಎಷ್ಟು ಸೊಗಸೆಂದು ನಾವು ಮುಂದೆ ಸಾಗುತ್ತೇವೆ. ಗೂಡುಗಳೆಷ್ಟಿದ್ದುವು, ಹೋದ ವರ್ಷಕ್ಕಿಂತ ಹೆಚ್ಚೋ ಕಡಮೆಯೋ ಎಂದು ಯಾರಾದರೂ ಕೇಳಿದರೆ, ಪದವೀಧರರಾದ ನಾವು ತಲೆ ತಗ್ಗಿಸಬೇಕಾಗುತ್ತದೆ. ನೋಡುವುದಕ್ಕೂ ಗಮನಿಸುವುದಕ್ಕೂ ಇರುವ ಅಂತರವನ್ನು ತಮ್ಮ ಬಾಳಿನಿಂದಲೇ ತೋರಿಸಿಕೊಟ್ಟವರು ಸಾಲಿಂ ಅಲಿಯವರು. ಅವರ ವಿಚಾರವಾಗಿ ಈ ಹೊತ್ತು ನಾಲ್ಕು ಮಾತುಗಳನ್ನು ಹೇಳಬಯಸುತ್ತೇವೆ.

ಅವರು ಹುಟ್ಟಿದುದು 1896ರಲ್ಲಿ, ಮುಂಬಯಿಯಲ್ಲಿ. ಹುಡುಗನಾಗಿದ್ದಾಗ ತಾವೇ ಹೊಡೆದು ಕೆಡವಿದ ಗುಬ್ಬಿಯೊಂದರ ಕೊರಳಲ್ಲಿ ಹಳದಿ ಮಚ್ಚೆಯನ್ನು ಕಂಡು, ಇದಾವ ಜಾತಿಯೆಂದು ಕೇಳಲು ಮುಂಬಯಿಯ ನಿಸರ್ಗೇತಿಹಾಸ ಸಂಘಕ್ಕೆ ಹೋದರು. ಆ ಒಂದು ಪ್ರಶ್ನೆಯೇ ಅವರ ಜೀವನವಾಯಿತು. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರವನ್ನು ಓದಿದರೂ ಅವರಿಗೆ ವಿಶ್ವವಿದ್ಯಾನಿಲಯದ ಪದವಿಯಿರಲಿಲ್ಲ. ಅದುಕಾರಣ ಸರ್ಕಾರದ ಪಕ್ಷಿಶಾಸ್ತ್ರಜ್ಞನ ಹುದ್ದೆ ಕೈತಪ್ಪಿತು. ಬರ್ಲಿನ್ನಿಗೆ ಹೋಗಿ ಪ್ರೊಫೆಸರ್ ಸ್ಟ್ರೆಸೆಮನ್ನರ ಶಿಷ್ಯರಾಗಿ 1930ರಲ್ಲಿ ಹಿಂದಿರುಗಿದರೆ, ಇದ್ದ ವಸ್ತುಸಂಗ್ರಹಾಲಯದ ಕೆಲಸವೂ ಹಣವಿಲ್ಲದೆ ರದ್ದಾಗಿತ್ತು.

ಆಗ ಅವರು ಕಿಹೀಮೆಂಬ ಕಡಲತೀರದ ಹಳ್ಳಿಯಲ್ಲಿ ನೆಲೆಸಿ, ಗೀಜಗದ ಗೂಡುಗಳನ್ನು ದಿನವೂ ನೋಡುತ್ತ ಕುಳಿತರು. ಗಂಡು ಅರ್ಧ ಗೂಡನ್ನು ನೇಯುತ್ತದೆ. ಹೆಣ್ಣು ಬಂದು ಪರೀಕ್ಷಿಸಿ, ಮೆಚ್ಚಿದರೆ ಒಳಸೇರುತ್ತದೆ. ಬಳಿಕ ಗಂಡು ಇನ್ನೊಂದು ಗೂಡಿಗೆ ತೊಡಗಿ ಇನ್ನೊಬ್ಬಳನ್ನು ಕರೆಯುತ್ತದೆ. ನಮ್ಮ ಗದ್ದೆಗಳ ಬಳಿಯಲ್ಲಿಯೂ ತೂಗಾಡುವ ಗೂಡುಗಳ ಈ ಸಂಸಾರವನ್ನು ಅರಿಯಲು ಬೇಕಾದುದು ತಾಳ್ಮೆಯೊಂದೇ.

1939ರಲ್ಲಿ, ಕಾಡಿನ ಪ್ರವಾಸಗಳಲ್ಲಿಯೂ ಜೊತೆಗಿರುತ್ತಿದ್ದ ಪತ್ನಿ ತಹಮೀನಾ ತೀರಿಕೊಂಡರು. ಆ ವರ್ಷದ ಕೊನೆಯಲ್ಲಿಯೇ ಅವರು ಮೈಸೂರು ಸಂಸ್ಥಾನದ ಪಕ್ಷಿಗಳ ಸಮೀಕ್ಷೆಗೆ ಹೊರಟರು. ಅದರ ಫಲ 1942ರಿಂದ ಸಂಘದ ಪತ್ರಿಕೆಯಲ್ಲಿ ಅಚ್ಚಾಯಿತು. ಸಂಸ್ಥಾನದ ಹಕ್ಕಿಗಳು ಅಂದು ಹೇಗಿದ್ದುವೆಂಬುದಕ್ಕೆ ಅದು ನಮಗುಳಿದ ಆಧಾರ.

ಇಂಥ ಆಧಾರದ ಬೆಲೆಯನ್ನು ಸಾಗರ ಹೊಸನಗರಗಳವರಿಗೆ ವಿವರಿಸಬೇಕಾಗಿಲ್ಲ. 1964ರಲ್ಲಿ ಲಿಂಗನಮಕ್ಕಿಯ ಕಟ್ಟೆ ಮುಗಿದು, ಶರಾವತಿಯ ಕಣಿವೆಯ ಊರುಗಳೂ ಕಾಡುಗಳೂ ನೀರಿನಡಿ ಸೇರಿದುವು. ಅಲ್ಲಿ ಯಾವ ಮರದ ಪೊಟರೆಯಲ್ಲಿ ಮಂಗಟ್ಟೆ ಮರಿಮಾಡುತ್ತಿತ್ತೆಂಬುದನ್ನು ಬರೆದಿಡದೆ ಹೋಗಿದ್ದರೆ, ಇನ್ನು ಹೋಗಿ ನೋಡಿ ಬರುವಂತಿಲ್ಲ. ಹಿರಿಯರ ನೆನಪು ಅವರೊಡನೆಯೇ ಹೋಗುತ್ತದೆ.

ಪದವಿಯಿಲ್ಲವೆಂದು ಹಿಂದೆ ಸರಿಸಲ್ಪಟ್ಟ ಸಾಲಿಂ ಅಲಿಯವರನ್ನು ಭಾರತ ಸರ್ಕಾರವು 1982ರಲ್ಲಿ ರಾಷ್ಟ್ರೀಯ ಪ್ರಾಧ್ಯಾಪಕರನ್ನಾಗಿ ಮಾಡಿತು. 1987ರ ಜೂನ್ 20ರಂದು, ತೊಂಬತ್ತು ದಾಟಿದ ವಯಸ್ಸಿನಲ್ಲಿ, ಅವರು ಕಾಲವಾದರು. ಅವರಿಗೆ ದೊರೆಯದೆ ಹೋದ ಪದವಿ ನಮ್ಮಲ್ಲಿ ಅನೇಕರ ಗೋಡೆಯ ಮೇಲೆ ಕಟ್ಟು ಹಾಕಿಸಿಕೊಂಡು ತೂಗುತ್ತಿದೆ. ಅದರ ಋಣ ತೀರಿಸುವ ದಾರಿ ಕಷ್ಟದ್ದಲ್ಲ. ಮುಂದಿನ ಮಳೆಗಾಲದಲ್ಲಿ ಮಂಡಗದ್ದೆಯ ಬಳಿ ಒಂದು ಗಳಿಗೆ ಇಳಿದು, ಗೂಡುಗಳನ್ನು ಎಣಿಸಿ, ತಾರೀಖು ಹಾಕಿ ಬರೆದಿಡೋಣ. ಅದರ ಮುಂದಿನ ವರ್ಷವೂ ಹಾಗೆಯೇ ಮಾಡೋಣ.