ಅಳತೆ ಬೇರೆ, ಷರಾ ಬೇರೆ

(ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ನಿವೃತ್ತ ಎಂಜಿನಿಯರರೊಬ್ಬರು ನೀಡಿದ ಉಪನ್ಯಾಸದ ಬರಹರೂಪ)

 

ನಾನು ಪಂಡಿತನಲ್ಲ, ವಚನಗಳ ವ್ಯಾಖ್ಯಾನಕಾರನೂ ಅಲ್ಲ. ನೀರಾವರಿ ಇಲಾಖೆಯಲ್ಲಿ 37 ವರ್ಷ ಕಾಲುವೆ, ಏರಿ, ತೂಬು ಎಂದು ಓಡಾಡಿ 2021ರಲ್ಲಿ ನಿವೃತ್ತನಾದವನು. ‘ಓದಿದ್ದು ಬೇಡ, ಬದುಕಿನಲ್ಲಿ ಕಂಡದ್ದನ್ನು ಹೇಳಿ’ ಎಂದು ಪೂಜ್ಯರು ಅಪ್ಪಣೆ ಕೊಟ್ಟಿದ್ದಾರೆ. ಹಾಗಾಗಿ ನನ್ನ ಮನೆಯ ಮಾತನ್ನೇ ತಮ್ಮ ಮುಂದೆ ಇಡುತ್ತೇನೆ.

1972ನೆಯ ಇಸವಿ. ಆಗಿನ ವಿಜಾಪುರ ಜಿಲ್ಲೆಯಲ್ಲಿ ಬರ ಬಿದ್ದಿತ್ತು. ಎರೆ ಹೊಲಗಳು ಕೈ ಇಳಿಯುವಷ್ಟು ಬಿರುಕು ಬಿಟ್ಟಿದ್ದವು. ನನಗೆ 11 ವರ್ಷ. ಒಂದು ಬೆಳಿಗ್ಗೆ ಅಪ್ಪ ನನ್ನನ್ನು ಬಸ್ಸು ಹತ್ತಿಸಿಕೊಂಡು ಹೋಗಿ, ದೂರದ ಒಂದು ಮಠದ ಉಚಿತ ಪ್ರಸಾದ ನಿಲಯದಲ್ಲಿ ಸೇರಿಸಿದ. ಸೇರಿಸಿ, ಹೆಗಲ ಮೇಲಿನ ವಸ್ತ್ರ ಕೊಡವಿಕೊಂಡು ನಡೆದುಬಿಟ್ಟ. ಬಾಗಿಲ ತನಕ ಓಡಿದೆ. ಆತ ಹಿಂತಿರುಗಿ ನೋಡಲಿಲ್ಲ. ಆಮೇಲೆ ಒಂದೂವರೆ ವರ್ಷ ನನ್ನನ್ನು ಕಾಣಲು ಬರಲಿಲ್ಲ. ನನಗಿಂತ ನಾಲ್ಕು ವರ್ಷ ದೊಡ್ಡವನಾದ ಅಣ್ಣ ಮಾತ್ರ ಮನೆಯಲ್ಲೇ ಉಳಿದ.

ಆ ದಿನ ಬಾಗಿಲಲ್ಲಿ ನಿಂತ ಹುಡುಗ ಮನಸ್ಸಿನಲ್ಲಿ ಒಂದು ಮಾತು ಬರೆದುಕೊಂಡ: ‘ಅಪ್ಪನಿಗೆ ನಾನು ಬೇಡವಾದೆ. ಅಣ್ಣ ಬೇಕು, ನಾನು ಭಾರ.’ ಮಠದ ಪ್ರಸಾದ ಉಂಡು ಓದಿದೆ, ಎಂಜಿನಿಯರ್ ಆದೆ, ಮದುವೆಯಾದೆ. ಆ ಮಾತು ಮಾತ್ರ ಅಳಿಯಲಿಲ್ಲ. ತಿಂಗಳು ತಿಂಗಳು ಅಪ್ಪನಿಗೆ ಹಣ ಕಳಿಸಿದೆ. ಎದುರು ಕುಳಿತು ಮಾತಾಡಲಿಲ್ಲ. 1998ರಲ್ಲಿ ಆತ ಲಿಂಗೈಕ್ಯನಾದಾಗ ನನ್ನ ಕಣ್ಣಲ್ಲಿ ನೀರು ಬರಲಿಲ್ಲ. ಮರುವರ್ಷ ಹೊಲ ಪಾಲಾಯಿತು. ಅಲ್ಲಿಂದ ಅಣ್ಣನೂ ನಾನೂ ಮದುವೆ, ಮಣ್ಣುಗಳಲ್ಲಿ ಮುಖ ನೋಡುವಷ್ಟಕ್ಕೆ ಉಳಿದೆವು.

ನಿವೃತ್ತನಾದ ಮರುವರ್ಷ ನನ್ನ ಮಗ ಊಟಕ್ಕೆ ಕುಳಿತಾಗ ಒಂದು ಮಾತು ಹೇಳಿದ: ‘ಅಪ್ಪಾ, ನಾನು ಹಾಸ್ಟೆಲ್ಲಿಗೆ ಹೊರಟಾಗಲೆಲ್ಲ ಅಮ್ಮ ಬಸ್‌ ಸ್ಟ್ಯಾಂಡಿಗೆ ಬರ್ತಿದ್ರು. ನೀವು ಒಂದು ದಿನವೂ ಬರಲಿಲ್ಲ. ನಾನು ಹೋದರೆ ನಿಮಗೆ ಏನೂ ಅನ್ನಿಸ್ತಿರಲಿಲ್ಲ, ಅಲ್ವಾ?’

ನನ್ನ ಕೈಯಲ್ಲಿದ್ದ ತುತ್ತು ಹಾಗೇ ಉಳಿಯಿತು. ಬಸ್ಸು ಹೊರಡುವುದನ್ನು ನೋಡಲು ನನ್ನಿಂದ ಆಗುತ್ತಿರಲಿಲ್ಲ. ಅದಕ್ಕೇ ಆ ಹೊತ್ತಿಗೆ ಏನಾದರೂ ಕೆಲಸ ಹಚ್ಚಿಕೊಂಡು ಸೈಟಿಗೆ ಹೋಗಿಬಿಡುತ್ತಿದ್ದೆ. ನಾನು ಬರಲಿಲ್ಲ ಎನ್ನುವುದು ನಿಜ. ಅನ್ನಿಸುತ್ತಿರಲಿಲ್ಲ ಎನ್ನುವುದು ಸುಳ್ಳು. ಆದರೆ ಅವನಿಗೆ ಅದು ಹೇಗೆ ತಿಳಿಯಬೇಕು?

ಆ ರಾತ್ರಿ ನಿದ್ದೆ ಬರಲಿಲ್ಲ. ನನಗೆ ನೆನಪಾದದ್ದು ನಮ್ಮ ಲೆವೆಲ್ ಬುಕ್. ಕಾಲುವೆಯ ಮಟ್ಟ ಅಳೆಯುವಾಗ ಉಪಕರಣದಲ್ಲಿ ಕಂಡ ಅಂಕಿಯನ್ನು ಅದರದರ ಕಾಲಂನಲ್ಲಿ ಬರೆಯುತ್ತೇವೆ. ಕಡೆಯದು ಷರಾ ಕಾಲಂ. ‘ಹಳ್ಳದ ದಂಡೆ’, ‘ಕಲ್ಲಿನ ಮೇಲೆ’ ಎಂದು ನಮ್ಮ ಟಿಪ್ಪಣಿ ಅಲ್ಲಿ ಬರುತ್ತದೆ. ಹೊಸದಾಗಿ ಸೇರಿದ ಹುಡುಗರಿಗೆ ನಾನು ಹೇಳುತ್ತಿದ್ದ ಮೊದಲ ಪಾಠ: ಅಳತೆ ಬೇರೆ, ಷರಾ ಬೇರೆ, ಒಂದರ ಜಾಗದಲ್ಲಿ ಇನ್ನೊಂದನ್ನು ಬರೆಯಬೇಡಿ. ಎಷ್ಟೋ ಹುಡುಗರಿಗೆ ಈ ಪಾಠ ಹೇಳಿದವನು ನನ್ನ ಮನೆಯ ಲೆಕ್ಕದಲ್ಲಿ ಅದನ್ನೇ ತಪ್ಪಿದ್ದೆ. ‘ಹಿಂತಿರುಗಿ ನೋಡಲಿಲ್ಲ’ ಎನ್ನುವುದು ಅಳತೆ. ‘ನಾನು ಬೇಡವಾದೆ’ ಎನ್ನುವುದು ಷರಾ. 11 ವರ್ಷದ ಹುಡುಗ ಬರೆದ ಷರಾವನ್ನು 60 ವರ್ಷದ ಎಂಜಿನಿಯರ್ ಒಮ್ಮೆಯೂ ತಪಾಸಣೆ ಮಾಡಿರಲಿಲ್ಲ.

ನಾವು ಇಡುವ ಹೆಸರು ನೆನಪನ್ನೇ ಬದಲಿಸುತ್ತದೆ ಎನ್ನುವುದಕ್ಕೆ ಪ್ರಯೋಗದ ಆಧಾರವೂ ಇದೆ. ಅಮೆರಿಕದ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ 1974ರಲ್ಲಿ ಪ್ರಕಟಿಸಿದ ಪ್ರಯೋಗವದು. ವಿದ್ಯಾರ್ಥಿಗಳಿಗೆ ಕಾರು ಅಪಘಾತದ ಚಿತ್ರ ತೋರಿಸಿ, ವೇಗ ಎಷ್ಟಿತ್ತು ಎಂದು ಕೇಳಿದರು. ಪ್ರಶ್ನೆಯಲ್ಲಿ ಕಾರುಗಳು ‘ಅಪ್ಪಳಿಸಿದಾಗ’ ಎಂಬ ಅರ್ಥದ ಪದ ಇದ್ದಾಗ ಸರಾಸರಿ ಉತ್ತರ ಗಂಟೆಗೆ ಸುಮಾರು 41 ಮೈಲಿ; ‘ತಾಗಿದಾಗ’ ಎಂಬ ಅರ್ಥದ ಪದ ಇದ್ದಾಗ ಸುಮಾರು 32. ಇನ್ನೊಂದು ಪ್ರಯೋಗದಲ್ಲಿ ಒಂದು ವಾರದ ನಂತರ, ಒಡೆದ ಗಾಜು ಕಂಡಿರಾ ಎಂದು ಕೇಳಿದರು. ಚಿತ್ರದಲ್ಲಿ ಒಡೆದ ಗಾಜೇ ಇರಲಿಲ್ಲ. ಆದರೂ ‘ಅಪ್ಪಳಿಸಿದಾಗ’ ಎಂದು ಕೇಳಿಸಿಕೊಂಡಿದ್ದ 50 ಜನರಲ್ಲಿ 16 ಮಂದಿ ಕಂಡೆವು ಎಂದರು. ನಾನು ನನ್ನ ಬಾಲ್ಯಕ್ಕೆ ‘ಬಿಟ್ಟುಹೋದ’ ಎಂಬ ಹೆಸರಿಟ್ಟಿದ್ದೆ. ಎಷ್ಟು ಒಡೆದ ಗಾಜನ್ನು ನಾನೇ ಸೇರಿಸಿಕೊಂಡಿದ್ದೆನೋ!

ಒಬ್ಬರು ತೆಗೆದ ಲೆವೆಲ್ಲನ್ನು ಇನ್ನೊಬ್ಬರು ಹೋಗಿ ಪರೀಕ್ಷಿಸುವ ಪದ್ಧತಿ ನಮ್ಮಲ್ಲಿದೆ. ಚೆಕ್ ಲೆವೆಲ್ ಎನ್ನುತ್ತೇವೆ. ಅಪ್ಪ ಇಲ್ಲ, ಅವ್ವ ಇಲ್ಲ. ಆ ವರ್ಷವನ್ನು ಕಂಡವನು ಅಣ್ಣನೊಬ್ಬನೇ. ಊರಿಗೆ ಹೋದೆ. ಕಟ್ಟೆಯ ಮೇಲೆ ಕುಳಿತು ನನ್ನ ಷರಾವನ್ನು ಬಾಯಿಬಿಟ್ಟು ಹೇಳಿದೆ. ಅಣ್ಣ ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ಹೇಳಿದ:

‘ತಮ್ಮಾ, ನೀ ಹಂಗ ತಿಳಕೊಂಡಿದ್ದೇನು? ನಾ ಏನ್ ತಿಳಕೊಂಡೀನಿ ಗೊತ್ತೈತೇನು? ಅಪ್ಪಗ ನಿನ್ನ ಮ್ಯಾಲೇ ಜೀವ. ಅದಕ್ಕ ನಿನ್ನ ಸಾಲಿಗೆ ಹಚ್ಚಿದ, ನನ್ನ ಸಾಲಿ ಬಿಡಿಸಿ ಕಲ್ಲ ಒಡಿಯಾಕ ಹಚ್ಚಿದ ಅಂತ. ಹೊಲ ಪಾಲ ಮಾಡುವಾಗ ನಾ ಜಗಳ ತಗದದ್ದೂ ಅದಕ್ಕ.’

ಆ ವರ್ಷ ಮನೆಯ ಎತ್ತು ಮಾರಿದ್ದರಂತೆ. ಅಪ್ಪ, ಅವ್ವ, ಅಣ್ಣ ಮೂವರೂ ಬರಗಾಲ ಕಾಮಗಾರಿಯಲ್ಲಿ ರಸ್ತೆಗೆ ಜಲ್ಲಿ ಒಡೆದಿದ್ದರಂತೆ. ಅಣ್ಣನ ಎಡಗೈ ಹೆಬ್ಬೆರಳಿನ ಉಗುರು ಡೊಂಕು. ಅದು ಅಂದಿನ ಸುತ್ತಿಗೆಯ ಪೆಟ್ಟು. ಹುಡುಗತನದಿಂದ ಆ ಉಗುರನ್ನು ನೋಡುತ್ತಲೇ ಇದ್ದೆ. ಹೇಗಾಯಿತು ಎಂದು ಒಮ್ಮೆಯೂ ಕೇಳಿರಲಿಲ್ಲ.

ಒಂದೇ ಮನೆ, ಒಂದೇ ವರ್ಷ, ಒಬ್ಬನೇ ಅಪ್ಪ. ಇಬ್ಬರು ಮಕ್ಕಳೂ ‘ಅಪ್ಪನಿಗೆ ಬೇಕಾದವನು ಅವನು’ ಎಂದು ಷರಾ ಬರೆದುಕೊಂಡು 50 ವರ್ಷ ಕಳೆದಿದ್ದೆವು. ಅದರ ಮೇಲೆ ಹೊಲವನ್ನೂ ಹರಿದುಕೊಂಡಿದ್ದೆವು.

ಬಂಧುಗಳೇ, ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು. ಎಲ್ಲ ನೋವೂ ತಪ್ಪು ತಿಳಿವಳಿಕೆಯಲ್ಲ. ಅಪ್ಪ ನಮ್ಮಿಬ್ಬರನ್ನೂ ಬಾರುಕೋಲಿನಿಂದ ಹೊಡೆದದ್ದುಂಟು. ಅದು ಅಳತೆ, ಅಣ್ಣನ ಪುಸ್ತಕದಲ್ಲೂ ಅಷ್ಟೇ ಇದೆ. ‘ಹೆತ್ತವರು ದೇವರು, ಮರೆತುಬಿಡು’ ಎಂದು ಯಾರೂ ಅದನ್ನು ಅಳಿಸಬಾರದು. ಆದರೆ ‘ನಾನು ಕೆಟ್ಟವನು, ಅದಕ್ಕೇ ಏಟು ಬಿತ್ತು’ ಎಂದು ಮಗು ಬರೆದುಕೊಂಡ ಷರಾ ಇದೆಯಲ್ಲ, ಅದು ಸುಳ್ಳು, ಅದನ್ನು ಹೊಡೆದುಹಾಕಲೇಬೇಕು. ಇದಕ್ಕಿಂತ ಘೋರವಾದದ್ದನ್ನು ಕಂಡವರು, ನೆನೆದರೆ ಮೈ ನಡುಗುವವರು ಒಬ್ಬರೇ ಈ ಪುಸ್ತಕ ಬಿಚ್ಚಬೇಡಿ. ಮನೋವೈದ್ಯರ ಬಳಿ ಹೋಗಿ. 2022ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಉಚಿತವಾಗಿ, ಕನ್ನಡದಲ್ಲೇ ಮಾತಾಡಬಹುದು. ಮೊಣಕಾಲು ನೋವಿಗೆ ವೈದ್ಯರನ್ನು ಕಾಣುವ ನಮಗೆ ಇದರಲ್ಲಿ ನಾಚಿಕೆ ಯಾಕೆ?

ಉಳಿದವರಿಗೆ ನಾನು ಮಾಡಿದ್ದನ್ನು ಹೇಳುತ್ತೇನೆ. ನಿಮ್ಮನ್ನು ಕಾಡುವ ಒಂದು ನೆನಪನ್ನು ಕಾಗದದ ಮೇಲೆ ಬರೆಯಿರಿ. ನಡುವೆ ಗೆರೆ ಎಳೆದು, ಕಣ್ಣಾರೆ ಕಂಡದ್ದನ್ನು ಒಂದು ಕಡೆ, ಅದರಿಂದ ನೀವು ತಿಳಿದುಕೊಂಡದ್ದನ್ನು ಇನ್ನೊಂದು ಕಡೆ ಇಡಿ. ಹಾಗೆ ತಿಳಿದುಕೊಂಡಾಗ ನಿಮ್ಮ ವಯಸ್ಸೆಷ್ಟು, ಮನೆಯ ಕಷ್ಟ ನಿಮಗೆ ಎಷ್ಟು ಗೊತ್ತಿತ್ತು ಎಂದು ಕೇಳಿಕೊಳ್ಳಿ. ಅಂದು ಅಲ್ಲಿದ್ದ ಇನ್ನೊಬ್ಬರು ಬದುಕಿದ್ದರೆ, ಕಾಲ ಮೀರುವ ಮೊದಲು ಹೋಗಿ ಕೇಳಿ. ಕೊನೆಯದಾಗಿ, ಆ ತಿಳಿವಳಿಕೆಯಿಂದ ಇಂದು ನಿಮ್ಮ ಮನೆಯಲ್ಲಿ ಯಾರು ನೋಯುತ್ತಿದ್ದಾರೆ ಎಂದು ನೋಡಿ. ನನ್ನ ಮನೆಯಲ್ಲಿ ನೋಯುತ್ತಿದ್ದವನು ನನ್ನ ಮಗ.

ಪ್ರಶ್ನೆ ಕೇಳುವುದು ನಮಗೆ ಹೊಸದಲ್ಲ. ಅಕ್ಕಮಹಾದೇವಿ ಕಲ್ಯಾಣಕ್ಕೆ ಬಂದಾಗ ಅಲ್ಲಮಪ್ರಭುಗಳು ಪ್ರಶ್ನೆಯ ಮೇಲೆ ಪ್ರಶ್ನೆ ಹಾಕಿದ್ದನ್ನು ಶೂನ್ಯಸಂಪಾದನೆ ಹೇಳುತ್ತದೆ. ಅನುಭವವನ್ನು ಒರೆಗೆ ಹಚ್ಚಿದ ಮೇಲೆಯೇ ಅದು ಅನುಭಾವ. ಹಳೆಯ ಕಂದಾಚಾರವನ್ನು ಪ್ರಶ್ನಿಸುವ ನಾವು, ನಮ್ಮೊಳಗಿನ ಹಳೆಯ ನಂಬಿಕೆಯನ್ನೂ ಪ್ರಶ್ನಿಸಬೇಕಲ್ಲವೇ?

ಇಲಾಖೆಯ ಪುಸ್ತಕದಲ್ಲಿ ತಪ್ಪಾದದ್ದನ್ನು ರಬ್ಬರಿನಿಂದ ಅಳಿಸುವಂತಿಲ್ಲ. ಒಂದು ಗೆರೆ ಹೊಡೆದು, ಸರಿಯಾದದ್ದನ್ನು ಬರೆದು, ಪಕ್ಕದಲ್ಲಿ ಸಹಿ ಹಾಕಬೇಕು. ಹಳೆಯದೂ ಕಾಣುತ್ತಿರಬೇಕು. ನಾನೂ ಹಾಗೆಯೇ ಮಾಡಿದೆ. ಮಗನಿಗೆ ಬಸ್‌ ಸ್ಟ್ಯಾಂಡಿನ ವಿಷಯ ಹೇಳಿದೆ. ಈಗ ಅವನು ಊರಿಗೆ ಹೊರಟಾಗ ಹೋಗಿ ನಿಲ್ಲುತ್ತೇನೆ. ಕಷ್ಟವಾಗುತ್ತದೆ, ಆದರೂ ನಿಲ್ಲುತ್ತೇನೆ. ಅಣ್ಣನೂ ನಾನೂ ವಾರಕ್ಕೊಮ್ಮೆ ಫೋನಿನಲ್ಲಿ ಮಾತಾಡುತ್ತೇವೆ.

ಅಪ್ಪ ಒಂದೂವರೆ ವರ್ಷ ಯಾಕೆ ಬರಲಿಲ್ಲ? ಅಣ್ಣನಿಗೂ ಗೊತ್ತಿಲ್ಲ. ಅಳೆಯದ್ದನ್ನು ಬರೆಯಬಾರದು. ಆ ಸಾಲಿನ ಷರಾ ಕಾಲಂ ಖಾಲಿ ಬಿಟ್ಟಿದ್ದೇನೆ.