ಉತ್ಖನನವೂ ನಮ್ಮ ವಿದ್ಯಾರ್ಥಿಗಳೂ

(ಚಿಕ್ಕಮಗಳೂರಿನಲ್ಲಿ ಉಪಾಧ್ಯಾಯರೂ ವಿದ್ಯಾರ್ಥಿಗಳೂ ನೆರೆದ ಸಭೆಯಲ್ಲಿ ಮಾಡಿದ ಭಾಷಣ)



ಈ ಮಲೆನಾಡಿನಲ್ಲಿ ನೆಲವನ್ನಗೆಯದ ಮನೆಯೊಂದೂ ಇರಲಾರದು. ಕಾಫಿಯ ಒಂದು ಸಸಿಗೆ ಒಂದೂವರೆ ಅಡಿ ಉದ್ದ, ಅಷ್ಟೇ ಅಗಲ, ಅಷ್ಟೇ ಆಳದ ಗುಂಡಿ ಬೇಕು. ಮೂಡಿಗೆರೆಯಿಂದ ಕಳಸಕ್ಕೆ ಹೋಗುವ ದಾರಿಯ ಇಕ್ಕೆಲಗಳಲ್ಲಿಯೇ ಇಂತಹ ಗುಂಡಿಗಳೆಷ್ಟು ಲಕ್ಷವೊ, ಬಲ್ಲವರಾರು! ಅವುಗಳಿಂದ ಮೇಲೆದ್ದ ಮಡಕೆಯ ಚೂರುಗಳು ಬೇಲಿಯಾಚೆ ಬಿದ್ದುವು. ಅಗೆಯುವುದನ್ನು ನಾವು ಬಲ್ಲೆವು. ಅಗೆದ ನೆಲವನ್ನು ಓದಲು ಕಲಿಯಲಿಲ್ಲ. ಉತ್ಖನನದ ಶಿಬಿರದಲ್ಲಿ, ಅದರಲ್ಲಿಯೂ ದೂರದೇಶದ ಶಿಬಿರದಲ್ಲಿ, ದುಡಿದ ವಿದ್ಯಾರ್ಥಿಗೆ ದೊರೆಯುವುದು ಈ ಓದು.

ಕೆಲವು ವರ್ಷಗಳ ಕೆಳಗೆ ನಮ್ಮ ಕಕ್ಷಿಗಾರರೊಬ್ಬರು ತಮ್ಮ ತೋಟದಲ್ಲಿ ದೊರೆತ ತಾಮ್ರದ ಬಟ್ಟಲೊಂದನ್ನು ಹುಣಿಸೆಹಣ್ಣಿನಿಂದ ತಿಕ್ಕಿ ಹೊಳೆಯಿಸಿ ತಂದು ತೋರಿಸಿದರು. ಎಷ್ಟು ಆಳದಲ್ಲಿತ್ತು? ತಿಳಿಯದು. ಜೊತೆಯಲ್ಲಿ ಮತ್ತೇನಿತ್ತು? ಏನೋ ಬೂದಿ, ಏನೋ ಚೂರು. ತಾನು ನಿಂತಿದ್ದ ಸ್ಥಳವನ್ನೇ ಹೇಳಲಾರದ ಸಾಕ್ಷಿಯನ್ನು ಯಾವ ನ್ಯಾಯಾಧೀಶರು ನಂಬಿಯಾರು? ೧೮೭೮ರ ನಿಧಿ ಶಾಸನವು ನೆಲದಲ್ಲಿ ಹತ್ತು ರೂಪಾಯಿಗೆ ಮೀರಿದ ಬೆಲೆಯ ವಸ್ತು ಸಿಕ್ಕಿದರೆ ಕಲೆಕ್ಟರರಿಗೆ ಬರೆದು ತಿಳಿಸಬೇಕೆಂದು ವಿಧಿಸಿತು. ಮೂರು ಕಾಸು ಬಾಳದ ಮಡಕೆಯ ಚೂರಿನ ಗೊಡವೆಗೆ ಹೋಗಲಿಲ್ಲ. ಉತ್ಖನನಕಾರನಿಗಾದರೊ ಆ ಚೂರೇ ಮೊದಲನೆಯ ಸಾಕ್ಷಿ.

೧೯೪೪ರಲ್ಲಿ ಮಾರ್ಟಿಮರ್ ವೀಲರರು ತಕ್ಷಶಿಲೆಯಲ್ಲಿ ಒಂದು ಶಿಕ್ಷಣ ಶಿಬಿರವನ್ನು ನಡೆಸಿದರು. ನಾನಾ ವಿಶ್ವವಿದ್ಯಾನಿಲಯಗಳಿಂದ ಬಂದ ಅರವತ್ತರಷ್ಟು ಮಂದಿ ಅಲ್ಲಿ ಕಲಿತರು. ಅಂದು ನಮ್ಮ ದೇಶದೊಳಗಿದ್ದ ತಕ್ಷಶಿಲೆಯು ೧೯೪೭ರಿಂದ ಪರದೇಶವಾಯಿತು. ಕಲಿಸಿದುದೇನು? ಮಣ್ಣಿನ ಬಣ್ಣ ಬದಲಾದಲ್ಲಿ ಕೈ ತಡೆಯುವುದು. ಒಂದು ಪದರವನ್ನು ಪೂರ್ತಿಯಾಗಿ ತೆಗೆಯದೆ ಕೆಳಗಿನದನ್ನು ಮುಟ್ಟದಿರುವುದು. ಹಳ್ಳದ ಬದಿಯನ್ನು ನೆಟ್ಟಗೆ ಕೊಯ್ದು ಅದರ ನಕ್ಷೆ ಬರೆಯುವುದು. ಚೂರು ಚೂರಿಗೂ ಚೀಟಿಯನ್ನಂಟಿಸುವುದು. ಗುದ್ದಲಿ ಕೂಲಿಯವನಿಗೆ, ಲೇಖನಿ ಬಿ.ಎ. ಆದವನಿಗೆ ಎಂಬುದು ನಮ್ಮ ಸುಶಿಕ್ಷಿತರ ಹಳೆಯ ರೋಗ. ಅದಕ್ಕೆ ಇದಕ್ಕಿಂತ ಒಳ್ಳೆಯ ಔಷಧವನ್ನು ನಾವು ಕಾಣೆವು. ಅಲ್ಲಿ ಕಲಿತ ಬಿ.ಬಿ. ಲಾಲರು ೧೯೬೧–೬೨ರಲ್ಲಿ, ಆಸ್ವಾನಿನ ಅಣೆಕಟ್ಟೆಯ ನೀರಿನಲ್ಲಿ ಮುಳುಗಲಿದ್ದ ಈಜಿಪ್ಟಿನ ನ್ಯೂಬಿಯಾದಲ್ಲಿ ಅಗೆಯಲು ಭಾರತದ ತಂಡವನ್ನು ಕರೆದೊಯ್ದರು. ಇನ್ನೊಬ್ಬರಾದ ಬಿ.ಕೆ. ಥಾಪರರು ೧೯೫೪ರಲ್ಲಿ ನಮ್ಮ ಮಸ್ಕಿಯನ್ನಗೆದರು.

ಹೊರನಾಡಿನ ಮಣ್ಣನ್ನೇಕೆ ನೋಡಬೇಕೆಂದು ಕೆಲವರು ಕೇಳುವರು. ಪುದುಚೇರಿಯ ಬಳಿಯ ಅರಿಕಮೇಡಿನಲ್ಲಿ ೧೯೪೫ರಲ್ಲಿ ವೀಲರರಿಗೆ ಇಟಲಿಯ ಕೆಂಪು ಮಡಕೆಯ ಚೂರುಗಳು ದೊರೆತುವು. ಅವುಗಳ ಕಾಲ ಇಟಲಿಯಲ್ಲಿ ಆಗಲೇ ನಿಶ್ಚಿತವಾಗಿತ್ತು. ಅವುಗಳೊಡನಿದ್ದ ನಮ್ಮ ದೇಶದ ಒಂದು ಬಗೆಯ ತಟ್ಟೆಗಳಿಗೂ ಹೀಗೆ ಕಾಲ ಗೊತ್ತಾಯಿತು. ೧೯೪೭ರಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅದೇ ಬಗೆಯ ತಟ್ಟೆಗಳು ಸಿಕ್ಕಲಾಗಿ, ಅಶೋಕನ ಶಾಸನವಿರುವ ಆ ಬೆಟ್ಟದ ಬುಡದ ಊರಿಗೂ ಕಾಲಗಣನೆ ಸಾಧ್ಯವಾಯಿತು. ಇಟಲಿಯ ಕುಂಬಾರನು ಕನ್ನಡ ನಾಡಿನ ಪರವಾಗಿ ಸಾಕ್ಷಿ ನುಡಿದನು! ಅಲ್ಲಿನ ಕಲ್ಲುಕೊಡಲಿಯ ಜನಕ್ಕೆ ವೀಲರರು ಕೊಟ್ಟ ಕಾಲವು ಮುಂದೆ ಇಂಗಾಲದ ಪರೀಕ್ಷೆಯಿಂದ ಸಾವಿರಕ್ಕೂ ಹೆಚ್ಚು ವರ್ಷ ಹಿಂದಕ್ಕೆ ಸರಿಯಿತು. ದೊಡ್ಡವರ ಮಾತನ್ನೂ ಮಣ್ಣು ತಿದ್ದುವುದೆಂಬುದನ್ನು ಹುಡುಗರು ಎಳವೆಯಲ್ಲಿಯೇ ಕಂಡರೆ ಒಳ್ಳೆಯದು.

ಏಕೀಕರಣದ ಮಾತನ್ನೂ ಇಲ್ಲಿ ಆಡದಿರಲಾರೆವು. ೧೯೪೮ರಲ್ಲಿ ಬ್ರಹ್ಮಗಿರಿ ಮೈಸೂರಿನದು, ಬಳ್ಳಾರಿಯ ಸಂಗನಕಲ್ಲು ಮದರಾಸಿನದು, ಮಸ್ಕಿ ಹೈದರಾಬಾದಿನದು. ಮೂರೆಡೆಯಲ್ಲಿಯೂ ನೆಲದಡಿಯಿಂದ ಬಂದ ನಯಗೊಳಿಸಿದ ಕಲ್ಲುಕೊಡಲಿ ಒಂದೇ. ಬಳ್ಳಾರಿಯು ೧೯೫೩ರಲ್ಲಿ, ರಾಯಚೂರು ಸೀಮೆಯು ೧೯೫೬ರ ನವೆಂಬರ ೧ರಂದು ನಮ್ಮೊಡನೆ ಕೂಡಿದುವು. ಕೊಡಲಿಗಳು ಅದಕ್ಕೆ ಸಾವಿರಾರು ವರ್ಷ ಮೊದಲೇ ಕೂಡಿಕೊಂಡಿದ್ದುವು. ಕಾಸರಗೋಡು ಇನ್ನೂ ಹೊರಗಿದೆ.

ಪರದೇಶದ ವಿದ್ಯಾರ್ಥಿಗಳು ಈ ಲಾಭವನ್ನರಿತು ನಮ್ಮಲ್ಲಿಗೇ ಬಂದರು. ಲಂಡನ್ನಿನಲ್ಲಿ ಸಂಶೋಧನ ವಿದ್ಯಾರ್ಥಿಯಾಗಿದ್ದ ರೇಮಂಡ್ ಆಲ್ಚಿನ್ ೧೯೫೨ರಲ್ಲಿ ರಾಯಚೂರು ಸೀಮೆಯ ಪಿಕ್ಲಿಹಾಳವನ್ನಗೆದರು. ನಮ್ಮವರು ರಾಕ್ಷಸರ ಚಿತೆಯೆಂದು ಕತೆ ಹೇಳುತ್ತಿದ್ದ ಬೂದಿಗುಡ್ಡಗಳು ದನದ ದೊಡ್ಡಿಗಳಲ್ಲಿ ಸುಟ್ಟ ಸಗಣಿಯ ರಾಶಿಗಳೆಂದು ಮುಂದೆ ಉತ್ನೂರಿನಲ್ಲಿ ಅಗೆದು ತೋರಿಸಿದವರೂ ಅವರೇ. ೧೯೮೦ರಿಂದ ಹಂಪೆಯಲ್ಲಿ ಜಾರ್ಜ್ ಮಿಶೆಲ್, ಜಾನ್ ಫ್ರಿಟ್ಜರೊಡನೆ ನಾನಾ ದೇಶದ ತರುಣರು ಬಿಸಿಲಿನಲ್ಲಿ ನಿಂತು ಕಲ್ಲು ಕಲ್ಲನ್ನೂ ಅಳೆದರು. ನಮ್ಮ ಹುಡುಗರೊ ಹಂಪೆಗೆ ಹೋದರೆ ಕಲ್ಲಿನ ರಥದ ಮುಂದೆ ಚಿತ್ರ ತೆಗೆಯಿಸಿಕೊಂಡು ಬರುವರು.

ದೂರ ಹೋದವನು ತಂದ ವಿದ್ಯೆಗೆ ಮನೆಯಲ್ಲಿ ಕೆಲಸವಿಲ್ಲದಿಲ್ಲ. ಮೂಡಿಗೆರೆ ತಾಲ್ಲೂಕಿನ ಅಂಗಡಿಯೇ ಸೊಸೆವೂರು, ಹೊಯ್ಸಳರ ಮೂಲಸ್ಥಾನ. ಕಣ್ಣನೂರಿನವರೆಗೆ ಆಳಿದ ವಂಶವು ಹೊರಟದ್ದು ಈ ಕಾಡಿನೊಳಗಿಂದ. ಅಲ್ಲಿನ ಬಸದಿಗಳನ್ನೂ ವಾಸಂತಿಕೆಯ ಗುಡಿಯನ್ನೂ ಎಲ್ಲರೂ ಬಲ್ಲರು. ಈ ಜಿಲ್ಲೆಯ ಶಾಸನಗಳನ್ನು ರೈಸರು ೧೯೦೧ರಲ್ಲಿಯೇ ಅಚ್ಚು ಹಾಕಿಸಿದರು. ಆದರೆ ಆ ಜನ ಯಾವ ಮಡಕೆಯಲ್ಲಿ ಅಟ್ಟರು, ಯಾವ ಧಾನ್ಯವನ್ನುಂಡರು ಎಂಬುದನ್ನು ಶಾಸನ ಹೇಳದು. ಅದು ನೆಲದಲ್ಲಿದೆ, ಆ ನೆಲಕ್ಕೆ ಗುಂಡಿ ಬೀಳುತ್ತಲಿದೆ.

ರಕ್ಷಿತ ಸ್ಥಳದಲ್ಲಿ ಅನುಮತಿಯಿಲ್ಲದೆ ಹಾರೆಯೆತ್ತುವುದು ಅಪರಾಧವೆಂಬುದನ್ನು ವಕೀಲರಾಗಿ ಮೊದಲೇ ಹೇಳಿಬಿಡುತ್ತೇವೆ. ತಮ್ಮ ತೋಟದ ಗುಂಡಿಗಾದರೊ ಯಾರ ಅಪ್ಪಣೆಯೂ ಬೇಡ. ಮುಂಗಾರಿಗೆ ಮೊದಲು ಗುಂಡಿ ತೋಡಿಸುವಾಗ ಮಕ್ಕಳ ಕೈಗೆ ಅಳತೆಯ ಪಟ್ಟಿ, ಪೆನ್ಸಿಲು, ಕಾಗದದ ಚೀಲಗಳನ್ನು ಕೊಡಿರಿ. ಚೂರು ಸಿಕ್ಕಿದರೆ ಯಾವ ಸಾಲಿನ ಎಷ್ಟನೆಯ ಗುಂಡಿ, ಎಷ್ಟು ಆಳ, ಮಣ್ಣಿನ ಬಣ್ಣವೇನು ಎಂದು ಚೀಲದ ಮೇಲೆ ಬರೆಯಲಿ. ತೊಳೆಯಬೇಡಿರಿ.