ನಿವೃತ್ತರ ಊರು: ಚಾಮರಾಜನಗರವೋ, ಗುಂಡ್ಲುಪೇಟೆಯೋ?

(ನಿವೃತ್ತಿಯ ಅಂಚಿನಲ್ಲಿರುವವರ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ಚಾಮರಾಜನಗರ ಮತ್ತು ಗುಂಡ್ಲುಪೇಟೆಗಳ ನಡುವಿನ ಅಂತರ ಸುಮಾರು 35 ಕಿಲೋಮೀಟರ್. ಎರಡೂ ಊರುಗಳಲ್ಲಿ ಮೈಸೂರು ಅರಸರು ತಮ್ಮ ತಂದೆಯ ನೆನಪಿಗೆ ಕಟ್ಟಿಸಿದ ಒಂದೊಂದು ದೇವಾಲಯವಿದೆ. ಚಾಮರಾಜನಗರದ ಹಳೆಯ ಹೆಸರು ಅರಿಕುಠಾರ. ತನ್ನ ತಂದೆ ಚಾಮರಾಜ ಒಡೆಯರು 1774ರಲ್ಲಿ ಹುಟ್ಟಿದ್ದು ಇಲ್ಲಿಯೇ ಎಂದು ತಿಳಿದ ಮುಮ್ಮಡಿ ಕೃಷ್ಣರಾಜ ಒಡೆಯರು 1818ರಲ್ಲಿ ಊರಿಗೆ ತಂದೆಯ ಹೆಸರಿಟ್ಟರು. 1826ರಲ್ಲಿ ಚಾಮರಾಜೇಶ್ವರ ದೇವಾಲಯವನ್ನು ಕಟ್ಟಿಸಿದರು. ಊರಿನಲ್ಲಿ ಒಂದು ಜನನ ಮಂಟಪವೂ ಇದೆ. ಗುಂಡ್ಲುಪೇಟೆಯ ಕಥೆ ಇದಕ್ಕೆ ತದ್ವಿರುದ್ಧ. ಅಲ್ಲಿ ತೀರಿಕೊಂಡವರು ಚಿಕ್ಕದೇವರಾಜ ಒಡೆಯರ ತಂದೆ ದೊಡ್ಡದೇವರಾಜರು. ಪಟ್ಟಕ್ಕೆ ಬರುವ ಮುಂಚೆ ಪಕ್ಕದ ಹಂಗಳದಲ್ಲಿ ಬಂಧನದಲ್ಲಿದ್ದ ಚಿಕ್ಕದೇವರಾಜರು 1673ರಲ್ಲಿ ಅರಸರಾದರು. ಬಳಿಕ ತಂದೆಯ ನೆನಪಿಗೆ ಗುಂಡ್ಲುಪೇಟೆಯಲ್ಲಿ ಪರವಾಸುದೇವ ದೇವಾಲಯವನ್ನು ಕಟ್ಟಿಸಿದರು. ಒಂದು ಊರು ಹುಟ್ಟಿನ ನೆನಪನ್ನೂ ಇನ್ನೊಂದು ಊರು ಸಾವಿನ ನೆನಪನ್ನೂ ಕಾಪಾಡಿಕೊಂಡು ಬಂದಿದೆ.

ಅರಮನೆಯವರಿಗೆ ಮಾತ್ರವಲ್ಲ, ನಗರ ಸೇರಿದ ಎಲ್ಲರಿಗೂ ಸಣ್ಣ ಊರೆಂದರೆ ಬಹುಕಾಲ ಇಷ್ಟೇ ಆಗಿತ್ತು: ಹುಟ್ಟಿದ ಜಾಗ, ಇಲ್ಲವೇ ಹಿರಿಯರು ಮಣ್ಣಾದ ಜಾಗ. ನಡುವಿನ ಮೂವತ್ತು ನಲವತ್ತು ವರ್ಷಗಳ ಬದುಕು ನಡೆಯುತ್ತಿದ್ದುದು ಬೇರೆಡೆ. ಈಗ ಲೆಕ್ಕ ಬದಲಾಗಿದೆ. ರಾಜ್ಯ ಸರ್ಕಾರಿ ನೌಕರರ ನಿವೃತ್ತಿ ವಯಸ್ಸು 2008ರಿಂದ 60. ಎಂಬತ್ತರವರೆಗೆ ಬದುಕುವವರು ಈಗ ಅಪರೂಪವೇನಲ್ಲ. ಅಂದರೆ ಪಿಂಚಣಿಯ ಮೊದಲ ದಿನದಿಂದ ಮುಂದೆ ಇಪ್ಪತ್ತು ವರ್ಷಗಳ ಬದುಕು ಉಳಿದಿರುತ್ತದೆ. ಅದನ್ನು ಎಲ್ಲಿ ಕಳೆಯಬೇಕೆಂಬುದು ಸಣ್ಣ ಪ್ರಶ್ನೆಯಲ್ಲ.

ಒಂದು ಕಾಲಕ್ಕೆ ಬೆಂಗಳೂರನ್ನೇ ಪಿಂಚಣಿದಾರರ ಸ್ವರ್ಗ ಎನ್ನುತ್ತಿದ್ದರು. ಆ ಹೆಸರು ಮುಂದೆ ಮೈಸೂರಿಗೆ ಸಂದಿತು. ಮೈಸೂರಿನ ಬಡಾವಣೆಗಳೂ ತುಂಬಿದಂತೆ ನಿವೃತ್ತರ ಕಣ್ಣು ಇನ್ನೂ ದಕ್ಷಿಣಕ್ಕೆ, ನಂಜನಗೂಡನ್ನು ದಾಟಿ ಈ ಎರಡು ಊರುಗಳ ಮೇಲೆ ಬೀಳುವುದು ಸಹಜ. ಹಿಂದಿನವರು ವಾನಪ್ರಸ್ಥವೆಂದರು, ಕಾಶೀವಾಸವೆಂದರು. ಅವೆರಡೂ ಬಿಟ್ಟುಹೋಗುವ ದಾರಿಗಳು. ಇಂದಿನ ನಿವೃತ್ತರು ಬಯಸುವುದು ಬಿಟ್ಟುಹೋಗುವುದನ್ನಲ್ಲ, ನೆಮ್ಮದಿಯಿಂದ ಬಾಳುವುದನ್ನು. ಆದ್ದರಿಂದ ಊರನ್ನು ಅಳೆಯುವ ಕೋಲೂ ಬೇರೆಯಾಗಬೇಕಾಗುತ್ತದೆ.

ಮೊದಲು ಚಾಮರಾಜನಗರವನ್ನು ನೋಡಬಹುದು. 2011ರ ಜನಗಣತಿಯಂತೆ ಇಲ್ಲಿನ ಜನಸಂಖ್ಯೆ ಸುಮಾರು 70 ಸಾವಿರ. 1997ರಲ್ಲಿ ಮೈಸೂರು ಜಿಲ್ಲೆಯಿಂದ ಬೇರ್ಪಟ್ಟು ಇದು ಜಿಲ್ಲಾ ಕೇಂದ್ರವಾಯಿತು. ಖಜಾನೆ, ನೋಂದಣಿ ಕಚೇರಿ, ನ್ಯಾಯಾಲಯ, ಬ್ಯಾಂಕು ಎಲ್ಲವೂ ಊರೊಳಗೇ ಉಂಟು. ಮೈಸೂರಿನಿಂದ 61 ಕಿಲೋಮೀಟರ್ ಸಾಗಿಬರುವ ರೈಲುಹಳಿ ಇಲ್ಲಿಗೆ ಕೊನೆಗೊಳ್ಳುತ್ತದೆ. ಮೊಣಕಾಲು ನೋವಿನವರಿಗೆ ಬಸ್ಸಿನ ಮೆಟ್ಟಿಲಿಗಿಂತ ರೈಲಿನ ಬೋಗಿ ಎಷ್ಟು ಹಿತವೆಂಬುದು ಅನುಭವಿಸಿದವರಿಗೇ ಗೊತ್ತು.

ಈ ಊರಿಗೆ ಒಂದು ವಿಚಿತ್ರ ಅಪಖ್ಯಾತಿಯೂ ಇತ್ತು. ಚಾಮರಾಜನಗರಕ್ಕೆ ಕಾಲಿಟ್ಟ ಮುಖ್ಯಮಂತ್ರಿಯ ಅಧಿಕಾರ ಹೋಗುತ್ತದೆಂಬ ನಂಬಿಕೆಯಿಂದ ಹಲವು ಮುಖ್ಯಮಂತ್ರಿಗಳು ಇತ್ತ ಸುಳಿಯಲೇ ಇಲ್ಲ. 2013ರಲ್ಲಿ ಮುಖ್ಯಮಂತ್ರಿಯಾದ ಸಿದ್ದರಾಮಯ್ಯನವರು ಮತ್ತೆ ಮತ್ತೆ ಇಲ್ಲಿಗೆ ಬಂದೂ 2018ರವರೆಗೆ ಪೂರ್ಣಾವಧಿ ಮುಗಿಸಿದ್ದರಿಂದ ಆ ಮಾತಿನ ಬಿಸಿ ಇಳಿಯಿತು. ನಿವೃತ್ತರಿಗಂತೂ ಈ ಭಯ ಬೇಕಿಲ್ಲ. ಕಳೆದುಕೊಳ್ಳಲು ಅವರಲ್ಲಿ ಅಧಿಕಾರವೇ ಉಳಿದಿರುವುದಿಲ್ಲ!

ಗುಂಡ್ಲುಪೇಟೆಯ ಆಕರ್ಷಣೆ ಬೇರೆ ಬಗೆಯದು. 2011ರಲ್ಲಿ ಸುಮಾರು 28 ಸಾವಿರ ಜನರಿದ್ದ ಪುಟ್ಟ ಪಟ್ಟಣವಿದು. ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದಲ್ಲಿರುವುದರಿಂದ ಹವೆ ತಂಪು. ಒಂದು ಕಡೆ ಹಿಮವದ್ ಗೋಪಾಲಸ್ವಾಮಿ ಬೆಟ್ಟ, ಇನ್ನೊಂದು ಕಡೆ ಬಂಡೀಪುರದ ಕಾಡು. ಮಳೆಗಾಲದಲ್ಲಿ ಚೆಂಡುಹೂವು, ಸೂರ್ಯಕಾಂತಿಗಳು ಹೊಲಗಳನ್ನು ತುಂಬಿದಾಗ ಓಣಂ ಹಬ್ಬದ ಆಸುಪಾಸಿನಲ್ಲಿ ಕೇರಳದವರು ದಂಡುಗಟ್ಟಿ ಬಂದು ಚಿತ್ರ ತೆಗೆಸಿಕೊಳ್ಳುತ್ತಾರೆ. ಅಂಥ ಒಂದು ಭಾನುವಾರ ಊರನ್ನು ನೋಡಿದ ನಗರದ ದಂಪತಿಗಳು ಇಲ್ಲಿಯೇ ಒಂದು ತುಂಡು ಜಮೀನು ಕೊಂಡರೆ ಹೇಗೆ ಎಂದು ಯೋಚಿಸಿದರೆ ಆಶ್ಚರ್ಯವಿಲ್ಲ. ಭೂಸುಧಾರಣಾ ಕಾಯ್ದೆಗೆ 2020ರಲ್ಲಿ ಆದ ತಿದ್ದುಪಡಿಯಿಂದ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಲು ಅವಕಾಶ ದೊರೆತಿದೆ.

ಆದರೆ ಭಾನುವಾರದ ಊರು ಬೇರೆ, ಮಂಗಳವಾರ ರಾತ್ರಿಯ ಊರು ಬೇರೆ. ಗುಂಡ್ಲುಪೇಟೆಗೆ ರೈಲಿಲ್ಲ. ಇಲ್ಲಿಂದ ಊಟಿಗೂ ಸುಲ್ತಾನ್ ಬತ್ತೇರಿಗೂ ಹೋಗುವ ಹೆದ್ದಾರಿಗಳು ಬಂಡೀಪುರವನ್ನು ಹಾದುಹೋಗುತ್ತವೆ. 2009ರಲ್ಲಿ ಬಂದ ನಿಷೇಧದಂತೆ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಅಲ್ಲಿ ಸಾಮಾನ್ಯ ವಾಹನಗಳಿಗೆ ಪ್ರವೇಶವಿಲ್ಲ. ಕಾಡುಪ್ರಾಣಿಗಳ ದೃಷ್ಟಿಯಿಂದ ಅದು ಸರಿಯಾದ ಕ್ರಮ. ಕಾಡಿನ ಸುತ್ತಲಿನ ಗ್ರಾಮಗಳು 2012ರ ಅಧಿಸೂಚನೆಯಂತೆ ಪರಿಸರ ಸೂಕ್ಷ್ಮ ವಲಯಕ್ಕೆ ಸೇರಿರುವುದರಿಂದ ಕಟ್ಟಡ ಕಟ್ಟುವುದಕ್ಕೂ ನಿರ್ಬಂಧಗಳಿವೆ. ತೋಟದ ಮನೆಯ ಕನಸು ಕಾಣುವವರು ಮುಂಗಡ ಕೊಡುವ ಮುನ್ನ ಸರ್ವೆ ನಂಬರು ಹಿಡಿದು ಕಚೇರಿಗೆ ಹೋಗಿ ವಿಚಾರಿಸುವುದು ಕ್ಷೇಮ. ಆನೆ, ಹಂದಿಗಳು ಹೊಲಕ್ಕೆ ಬರುವ ಊರಿನಲ್ಲಿ ರಾತ್ರಿ ಕಾವಲು ಕಾಯುವವರು ಯಾರೆಂಬುದನ್ನೂ ಅರವತ್ತರ ವಯಸ್ಸಿನಲ್ಲಿ ಕೇಳಿಕೊಳ್ಳಬೇಕಾಗುತ್ತದೆ.

ಇನ್ನು ಆಸ್ಪತ್ರೆ. ಚಾಮರಾಜನಗರದಲ್ಲಿ 2016ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆರಂಭವಾಯಿತು. ಅದರ 450 ಹಾಸಿಗೆಗಳ ಬೋಧನಾ ಆಸ್ಪತ್ರೆಯನ್ನು 2021ರ ಅಕ್ಟೋಬರಿನಲ್ಲಿ ರಾಷ್ಟ್ರಪತಿಗಳು ಉದ್ಘಾಟಿಸಿದರು. ಒಂದು ಸಣ್ಣ ಊರಿಗೆ ಇದು ದೊಡ್ಡ ಬಲ. ಆದರೆ ಅದೇ ವರ್ಷದ ಮೇ 2 ಮತ್ತು 3ರಂದು, ಕೋವಿಡ್ ಎರಡನೇ ಅಲೆಯ ನಡುವೆ ಆಮ್ಲಜನಕದ ಕೊರತೆ ಎದುರಾದಾಗ, ಇಲ್ಲಿನ ಜಿಲ್ಲಾ ಆಸ್ಪತ್ರೆಯಲ್ಲಿ 24 ರೋಗಿಗಳು ಅಸುನೀಗಿದ್ದನ್ನೂ ಮರೆಯುವಂತಿಲ್ಲ. ಕಟ್ಟಡ, ಹಾಸಿಗೆ, ವೈದ್ಯರು ಎಲ್ಲ ಇದ್ದೂ ಒಂದು ಸಿಲಿಂಡರು ಹೊತ್ತಿಗೆ ಬಾರದಿದ್ದರೆ ಏನಾಗುತ್ತದೆಂಬುದನ್ನು ಆ ರಾತ್ರಿ ತೋರಿಸಿತು. ದೊಡ್ಡ ಕಾಯಿಲೆಗೆ ಎರಡೂ ಊರಿನವರು ಇಂದಿಗೂ ನೋಡುವುದು ಸುಮಾರು 60 ಕಿಲೋಮೀಟರ್ ದೂರದ ಮೈಸೂರಿನತ್ತ. ಎದೆನೋವಿನ ಮಟ್ಟಿಗೆ ಅದು ಒಂದು ಗಂಟೆಗೂ ಮಿಕ್ಕಿದ ದಾರಿ. ಹೃದ್ರೋಗ, ಮೂತ್ರಪಿಂಡದ ತೊಂದರೆ ಈಗಾಗಲೇ ಇರುವವರು ಈ ಒಂದು ಗಂಟೆಯನ್ನು ಎದುರಿಗಿಟ್ಟುಕೊಂಡೇ ತೀರ್ಮಾನಿಸಬೇಕು.

ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎಂಬುದು ಗಾದೆ. ನಿವೃತ್ತರ ಮಟ್ಟಿಗೆ ಇದನ್ನು ತಿರುಗಿಸಿ, ನೀರು ನೋಡಿಯೇ ಊರಿಗೆ ಬರಬೇಕು ಎನ್ನಬಹುದು. ಪಶ್ಚಿಮಘಟ್ಟದ ಮಳೆನೆರಳಿನಲ್ಲಿರುವ ಸೀಮೆಯಿದು. ಹಳ್ಳಿ ಹಳ್ಳಿಗೆ ಕೊಳವೆಬಾವಿ ಕೊರೆಸಿ ಜನರಿಂದ ನೀರ್ ಸಾಬ್ ಎನ್ನಿಸಿಕೊಂಡ ಪಂಚಾಯತ್ ರಾಜ್ ಸಚಿವ ಅಬ್ದುಲ್ ನಜೀರ್ ಸಾಬ್ ಅವರು ಗುಂಡ್ಲುಪೇಟೆಯವರೇ. 1988ರಲ್ಲಿ ತೀರಿಕೊಂಡ ಅವರು ನೀರಿನ ಬೆಲೆಯನ್ನು ಪುಸ್ತಕದಿಂದ ಕಲಿತವರಲ್ಲ. ಮನೆ ನೋಡಲು ಹೋದವರು ಹೆಂಚು, ನೆಲ, ಬಾಗಿಲುಗಳಿಗಿಂತ ಮೊದಲು ನಲ್ಲಿಯಲ್ಲಿ ಎಷ್ಟು ದಿನಕ್ಕೊಮ್ಮೆ ನೀರು ಬರುತ್ತದೆ, ಏಪ್ರಿಲ್ ತಿಂಗಳಲ್ಲಿ ಕೊಳವೆಬಾವಿ ಏನಾಗುತ್ತದೆ ಎಂದು ಕೇಳಬೇಕು. ಅದನ್ನೂ ಮಾರುವವರನ್ನಲ್ಲ, ಪಕ್ಕದ ಮನೆಯ ಹೆಂಗಸರನ್ನು ಕೇಳಬೇಕು.

ಹೆಂಗಸರ ಮಾತು ಬಂದಲ್ಲಿಯೇ ಈ ವಿಷಯದ ತಿರುಳೂ ಇದೆ. ನಿವೃತ್ತಿಯ ಊರನ್ನು ಸಾಮಾನ್ಯವಾಗಿ ಆರಿಸುವವನು ಗಂಡಸು. ಅವನಿಗೆ ಕಚೇರಿಯಿಂದ ಬಿಡುಗಡೆಯಾಗಿರುತ್ತದೆ. ಹೆಂಡತಿಗೆ ಅಡಿಗೆಮನೆಯಿಂದ ಬಿಡುಗಡೆಯಿಲ್ಲ. ಅವನು ಬಿಟ್ಟುಬರುವುದು ಸಂಚಾರದ ದಟ್ಟಣೆಯನ್ನು. ಅವಳು ಬಿಟ್ಟುಬರುವುದು ಮೂವತ್ತು ವರ್ಷಗಳ ನೆರೆಹೊರೆಯನ್ನು. ಮೇಲಾಗಿ ನಮ್ಮ ಸಮಾಜದಲ್ಲಿ ಗಂಡ ಹೆಂಡತಿಗಿಂತ ಕೆಲವು ವರ್ಷ ದೊಡ್ಡವನು, ಹೆಂಗಸರ ಆಯಸ್ಸು ಸರಾಸರಿಯಲ್ಲಿ ಹೆಚ್ಚು. ಈ ಎರಡನ್ನೂ ಕೂಡಿಸಿದರೆ ಬರುವ ಉತ್ತರ ಕಹಿಯಾದರೂ ಸ್ಪಷ್ಟವಾಗಿದೆ: ಇಬ್ಬರೂ ಸೇರಿ ಹೋಗುವ ಊರಿನಲ್ಲಿ ಕೊನೆಯ ಹಲವು ವರ್ಷಗಳನ್ನು ಒಬ್ಬರೇ, ಬಹುಮಟ್ಟಿಗೆ ಅವಳೇ, ಕಳೆಯಬೇಕಾಗುತ್ತದೆ. ಆದ್ದರಿಂದ ಊರನ್ನು ಆರಿಸಬೇಕಾದ್ದು ಇಬ್ಬರಿಗಾಗಿ ಅಲ್ಲ, ಉಳಿಯುವ ಒಬ್ಬರಿಗಾಗಿ.

ಈ ಅಳತೆಗೋಲನ್ನು ಹಿಡಿದರೆ ಬಹಳಷ್ಟು ಗೊಂದಲ ತಾನಾಗಿ ತಿಳಿಯಾಗುತ್ತದೆ. ಉಳಿದ ಒಬ್ಬರು ಕಾರು ಓಡಿಸದೆ, ಯಾರ ಹಂಗೂ ಇಲ್ಲದೆ ತರಕಾರಿ ಅಂಗಡಿಗೆ, ಔಷಧಿ ಅಂಗಡಿಗೆ, ಬ್ಯಾಂಕಿಗೆ, ದೇವಸ್ಥಾನಕ್ಕೋ ಗ್ರಂಥಾಲಯಕ್ಕೋ ನಡೆದು ಹೋಗಬಲ್ಲರೇ? ರಾತ್ರಿ ಎರಡು ಗಂಟೆಗೆ ಬಾಗಿಲು ತಟ್ಟಿದರೆ ತೆರೆಯುವ ಮನೆ ಪಕ್ಕದಲ್ಲಿದೆಯೇ? ಮಕ್ಕಳು ಬೆಂಗಳೂರಿನಿಂದ ಹೊರಟರೆ ಎಷ್ಟು ಹೊತ್ತಿಗೆ ಮುಟ್ಟಬಲ್ಲರು? ಹೀಗೆ ನೋಡಿದಾಗ ಚಾಮರಾಜನಗರದ ಹಳೆಯ ಬೀದಿಯ ಸಣ್ಣ ಮನೆ, ಗುಂಡ್ಲುಪೇಟೆಯಾಚೆಯ ಕಾಡಂಚಿನ ಚೆಲುವಾದ ತೋಟದ ಮನೆಗಿಂತ ಮೇಲು. ಗುಂಡ್ಲುಪೇಟೆಯನ್ನೇ ಮೆಚ್ಚಿದವರಿಗೆ, ಅದರಲ್ಲೂ ಅಲ್ಲಿ ನಂಟರಿಷ್ಟರಿರುವವರಿಗೆ, ಊರೊಳಗಿನ ಬಸ್ ನಿಲ್ದಾಣದ ಆಸುಪಾಸು ಒಳ್ಳೆಯದು. ಬೆಟ್ಟ, ಹೂವಿನ ಹೊಲಗಳನ್ನು ನೋಡಲು ಅಲ್ಲಿಯೇ ಮಲಗಬೇಕೆಂದಿಲ್ಲ.

ನೆರೆಹೊರೆ ಎಂಬುದು ಹಣಕ್ಕೆ ಸಿಗುವ ವಸ್ತುವಲ್ಲ. ಈ ಸೀಮೆಯ ಮಾತಿನಲ್ಲಿ ‘ಹಾಲು’ ‘ಆಲು’ ಆಗುತ್ತದೆ, ‘ಹೆಸರು’ ‘ಎಸರು’ ಆಗುತ್ತದೆ. ಅದನ್ನು ತಿದ್ದಲು ಹೊರಟ ಹೊಸಬರು ಹೊಸಬರಾಗಿಯೇ ಉಳಿಯುತ್ತಾರೆ. ಮಲೆಯ ಮಹದೇಶ್ವರ, ಮಂಟೇಸ್ವಾಮಿಯರ ಕಥೆಗಳನ್ನು ರಾತ್ರಿಯಿಡೀ ಹಾಡುವ ಕಲಾವಿದರ ನಾಡಿದು. ನವದಂಪತಿಗಳು ದೂರವಿರಬೇಕೆನ್ನುವ ಆಷಾಢದಲ್ಲಿಯೇ ಅವರನ್ನು ಜೋಡಿಯಾಗಿ ಕರೆಯುವ ಚಾಮರಾಜೇಶ್ವರನ ತೇರು ಇಲ್ಲಿಯದು. ಇವುಗಳಿಗೆ ಕಿವಿ, ಕಣ್ಣು ಕೊಟ್ಟವರಿಗೆ ಊರು ಹತ್ತಿರವಾಗುತ್ತದೆ. ಸಣ್ಣ ಊರಿನ ಇನ್ನೊಂದು ಮುಖವನ್ನೂ ಮುಚ್ಚಿಡಬಾರದು. ಬಾಡಿಗೆ ಮನೆ ಕೇಳಿದಾಗ ಜಾತಿ ಯಾವುದೆಂಬ ಪ್ರಶ್ನೆ ಬರುವುದುಂಟು. ಒಂಟಿ ಹೆಂಗಸಿನ ಮನೆಗೆ ಯಾರು ಬಂದರು, ಯಾರು ಹೋದರು ಎಂದು ಬೀದಿ ಲೆಕ್ಕವಿಡುವುದುಂಟು. ಕಾಯುವ ಕಣ್ಣೂ ಅದೇ, ಕಾಡುವ ಕಣ್ಣೂ ಅದೇ.

ಹಾಗಾದರೆ ಮಾಡಬೇಕಾದ್ದೇನು? ನಗರದ ಮನೆಯನ್ನು ಮಾರುವ ಮುನ್ನ ಒಂದು ಪೂರ್ತಿ ವರ್ಷ ಬಾಡಿಗೆಗೆ ಇದ್ದು ನೋಡಬೇಕು. ಏಪ್ರಿಲ್ಲಿನ ಬಿಸಿಲು, ಆಷಾಢದ ಗಾಳಿ, ಅಕ್ಟೋಬರಿನ ಹಿಂಗಾರು ಮೂರನ್ನೂ ಕಂಡ ಮೇಲೆ ನಿರ್ಧರಿಸಬೇಕು. ಮನೆ ಕೊಂಡರೆ ಪತ್ರದಲ್ಲಿ ಇಬ್ಬರ ಹೆಸರೂ ಇರಬೇಕು. ನಗರದ ಆಸ್ತಿಯನ್ನು ಮಕ್ಕಳಿಗೆ ದಾನಪತ್ರ ಮಾಡಿ ಕೈತೊಳೆದುಕೊಂಡು ಬರುವವರು, ತಮ್ಮನ್ನು ನೋಡಿಕೊಳ್ಳಬೇಕೆಂಬ ಷರತ್ತನ್ನು ಪತ್ರದಲ್ಲಿ ಬರೆಸಿರಬೇಕು. ಪಾಲಕರ ಹಾಗೂ ಹಿರಿಯ ನಾಗರಿಕರ ಪೋಷಣೆಗಾಗಿ 2007ರಲ್ಲಿ ಬಂದ ಕಾಯ್ದೆಯ 23ನೆಯ ಕಲಮಿನಂತೆ, ಅಂಥ ಷರತ್ತು ಮುರಿದಾಗ ದಾನವನ್ನು ರದ್ದುಪಡಿಸುವಂತೆ ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಯನ್ನು ಕೇಳಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಕೈಕಾಲು ಗಟ್ಟಿಯಿರುವಾಗಲೇ ಹೋಗಬೇಕು. ಎಪ್ಪತ್ತೈದರಲ್ಲಿ ಬಂದವರಿಗೆ ಊರು ಕರುಣೆ ತೋರೀತು. ಐವತ್ತೆಂಟು ಅರವತ್ತರಲ್ಲಿ ಬಂದು ಒಂದು ಶಾಲೆಯ ಮಕ್ಕಳಿಗೆ ಸಂಜೆ ಲೆಕ್ಕ ಹೇಳಿಕೊಟ್ಟವರನ್ನು, ಪಕ್ಕದ ಮನೆಯವರ ಅರ್ಜಿ ಬರೆದುಕೊಟ್ಟವರನ್ನು ಅದು ತನ್ನವರೆನ್ನುತ್ತದೆ. ಮುಂದೆ ರಾತ್ರಿ ಎರಡು ಗಂಟೆಗೆ ತೆರೆಯುವುದು ಆ ಮಕ್ಕಳ ಮನೆಯ ಬಾಗಿಲೇ.

ಅರಿಕುಠಾರದಲ್ಲಿ ಒಬ್ಬ ತಂದೆ ಹುಟ್ಟಿದರು, ಗುಂಡ್ಲುಪೇಟೆಯಲ್ಲಿ ಒಬ್ಬ ತಂದೆ ತೀರಿಕೊಂಡರು. ಇಬ್ಬರ ಮಕ್ಕಳೂ ದೇವಾಲಯ ಕಟ್ಟಿಸಿ ಋಣ ತೀರಿಸಿದರು. ಈಗ ಆ ಊರುಗಳಿಗೆ ಹೋಗುವವರಿಗೆ ದೇವಾಲಯ ಕಟ್ಟಿಸುವ ಶಕ್ತಿ ಇರಲಾರದು, ಅದು ಬೇಕಾಗಿಯೂ ಇಲ್ಲ. ತಾವು ಹೋದ ಮೇಲೆ ಉಳಿಯುವವರ ಹೆಸರು ಹಿಡಿದು ಕರೆಯುವ ನಾಲ್ಕು ಮನೆಗಳನ್ನು ಬೀದಿಯಲ್ಲಿ ಸಂಪಾದಿಸಿಕೊಂಡರೆ ಸಾಕು.